ಚಪ್ಪಲಿ ಬಿಡಬೇಕಿಲ್ಲ, ಒಳಗೆ ಬನ್ನಿ: ನಮ್ಮೂರಲ್ಲೊಂದು ಚಿತ್ರಪ್ರದರ್ಶನ ಹಾಕುವ ಬಗೆ

ಕೊಪ್ಪಳದಲ್ಲಿ ನನ್ನದೊಂದು ಫ್ರೇಮ್ ಅಂಗಡಿ ಇದೆ. ದೇವರ ಫೋಟೋ, ಮದುವೆ ಫೋಟೋ, ತೀರಿಹೋದ ಹಿರಿಯರ ಫೋಟೋ, ಎಲ್ಲಕ್ಕೂ ಕಟ್ಟು ಹಾಕುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಡ್ರಾಯಿಂಗ್ ಮಾಸ್ತರರು ಹದಿನಾಲ್ಕು ಕ್ಯಾನ್ವಾಸ್ ತಂದು ಇಳಿಸಿದರು. “ಕಟ್ಟು ಹಾಕ್ರಿ. ಹಾಲ್‌ನಾಗ ತೂಗುಹಾಕಾಕೂ ನೀವ ಬರ್ರಿ” ಅಂದರು. ಅವತ್ತಿನಿಂದ ಒಂದು ಚಳಿಗಾಲವೂ ಬಿಟ್ಟಿಲ್ಲ. ಈ ಕಡೆಯ ಹುಡುಗ ಹುಡುಗಿಯರು ಮಾಡಿದ ಹೊಸ ಕೆಲಸಗಳನ್ನು ಗೋಡೆಗೆ ಏರಿಸುತ್ತಾ ಬಂದಿದ್ದೇನೆ. ನಿಮ್ಮೂರಲ್ಲೂ ಹಾಕಬೇಕು ಅಂತಿದ್ದರೆ, ನಾನು ಕಲಿತದ್ದು ಇಲ್ಲಿದೆ.

ಮೊದಲ ಪ್ರದರ್ಶನದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಸಂಜೆ ಪ್ಯಾಟಿ ಮುಗಿಸಿಕೊಂಡು ಬಂದ ಒಬ್ಬ ತಾಯಿ ಬಾಗಿಲಲ್ಲಿ ನಿಂತಿದ್ದರು. ತಲೆ ಮೇಲೆ ಸೆರಗು, ಕೈಯಲ್ಲಿ ಕಾಯಿಪಲ್ಲೆ ಚೀಲ. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಬಿಡಬೇಕೋ ಬೇಡವೋ, ಒಳಗೆ ಹೋಗಬಹುದೋ ಇಲ್ಲವೋ, ಟಿಕೆಟ್ ಇದೆಯೋ ಏನೋ. ಯಾರೂ ಮಾತಾಡಿಸಲಿಲ್ಲ. ನಾನು ಏಣಿ ಮೇಲಿದ್ದೆ. ಇಳಿದು ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿದ್ದರು. ಮರುವರ್ಷದಿಂದ ನಮ್ಮ ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡು ಇರುತ್ತದೆ: ‘ಚಪ್ಪಲಿ ಬಿಡಬೇಕಿಲ್ಲ. ಟಿಕೆಟ್ ಇಲ್ಲ. ಒಳಗೆ ಬನ್ನಿ.’ ಮುಂದೆ ಹೇಳುವ ಕೆಲಸವೆಲ್ಲ ಆ ತಾಯಿ ಒಳಗೆ ಬರಲಿ, ಬಂದವರು ಐದು ನಿಮಿಷ ಜಾಸ್ತಿ ನಿಲ್ಲಲಿ ಅಂತ ಮಾಡುವುದು.

ಜಾಗ, ಕಾಲ, ಗೋಡೆ

ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಂಥ ಕಡೆ ಗೋಡೆಗಳೇ ಚಿತ್ರಕ್ಕೆ ಅಂತ ಇರುತ್ತವೆ. ನಮ್ಮ ಕಡೆ ಸಿಗುವ ಜಾಗಗಳು ಬೇರೆ ಕೆಲಸಕ್ಕೆ ಕಟ್ಟಿದವು. ರಾಯಚೂರಿನ ಜಂಬಲದಿನ್ನಿ ರಂಗಮಂದಿರ, ಬಳ್ಳಾರಿಯ ರಾಘವ ಕಲಾಮಂದಿರ ಇವೆಲ್ಲ ನಾಟಕ, ಸಂಗೀತದ ಜಾಗ. ಹಾಗಾಗಿ ಒಳ್ಳೆಯ ಹಾಲ್ ಹುಡುಕುವ ಬದಲು ಜನ ಓಡಾಡುವ ದಾರಿ ಹುಡುಕಿ. ನಾವು ಒಂದು ವರ್ಷ ಮೊದಲ ಮಹಡಿಯಲ್ಲಿ ಚಂದದ ಹಾಲ್ ಹಿಡಿದೆವು. ಮೂರು ದಿನಕ್ಕೆ ಬಂದವರು ನಲವತ್ತು ಮಂದಿ. ಮರುವರ್ಷ ಬಜಾರಿನ ಹತ್ತಿರ ಒಂದು ಖಾಲಿ ಮಳಿಗೆ ಸಿಕ್ಕಿತು. ಶಟರ್ ಎತ್ತಿದರೆ ರಸ್ತೆಗೇ ಚಿತ್ರ ಕಾಣುತ್ತಿತ್ತು. ಒಂದೇ ಸಂಜೆಗೆ ಅಷ್ಟು ಜನ ಬಂದರು. ಮೆಟ್ಟಿಲು ಹತ್ತಿಸಬೇಡಿ. ವಯಸ್ಸಾದವರಿಗೆ ಮೊಣಕಾಲು ನೋವು, ಉಳಿದವರಿಗೆ ಸಂಕೋಚ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಹಾಕಿ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ, ಜನರೂ ಹೊರಗೆ ಬರುವುದಿಲ್ಲ. ನಮ್ಮೂರ ಗವಿಮಠದ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಲಕ್ಷಗಟ್ಟಲೆ ಜನ ಊರಿಗೆ ಬರುವ ಆ ದಿನಗಳು ಬಹಳ ಒಳ್ಳೆಯವು. ಆದರೆ ತೇರಿನ ದಿನ ಮಾತ್ರ ಉದ್ಘಾಟನೆ ಇಡಬೇಡಿ. ಅವತ್ತು ಎಲ್ಲರ ಮನಸ್ಸೂ ತೇರಿನ ಕಡೆ ಇರುತ್ತದೆ, ನನ್ನದೂ ಸೇರಿ.

ಜಾಗ ಗೊತ್ತಾದ ಮೇಲೆ ಗೋಡೆ ಪರೀಕ್ಷೆ ಮಾಡಿ. ಇದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಒಂದು ಬಾಡಿಗೆ ಹಾಲ್‌ನವರು ನಾವು ಹೋಗುವ ಹಿಂದಿನ ದಿನ ಸುಣ್ಣ ಹೊಡೆಸಿದ್ದರು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು, ನಾವು ಖುಷಿಯಿಂದ ನೇತುಹಾಕಿದೆವು. ನಾಲ್ಕನೇ ದಿನ ತೆಗೆದಾಗ ಆರು ಜಲವರ್ಣ ಚಿತ್ರಗಳ ಕಾಗದ ಅಲೆಅಲೆಯಾಗಿ ಉಬ್ಬಿತ್ತು. ಒಂದರ ಹಿಂದೆ ಬೂಸ್ಟು ಹಿಡಿದಿತ್ತು. ಆ ಕಲಾವಿದನ ಮುಖ ನೋಡುವುದು ನನಗೆ ಕಷ್ಟವಾಯಿತು. ಈಗ ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡುತ್ತೇನೆ. ಮರುದಿನ ಒಳಗೆ ನೀರಿನ ಹನಿ ಕಂಡರೆ ಆ ಗೋಡೆ ಬೇಡ. ಪ್ಲೈವುಡ್ ನಿಲ್ಲಿಸಿ ಅದರ ಮೇಲೆ ಹಾಕುತ್ತೇನೆ. ಗೋಡೆ ಒಣಗಿದ್ದರೂ ಫ್ರೇಮಿನ ಕೆಳಗಿನ ಎರಡು ಮೂಲೆಗೆ ರಬ್ಬರ್ ತುಂಡು ಅಂಟಿಸಿ. ಹಿಂದೆ ಗಾಳಿ ಆಡುತ್ತದೆ.

ಚಿತ್ರ ಕೈಗೆ ಬಂದಾಗ

ಪ್ರತಿ ಚಿತ್ರದ ಮುಂದೆ, ಹಿಂದೆ, ನಾಲ್ಕು ಮೂಲೆಗಳ ಫೋಟೋ ಅವತ್ತೇ ತೆಗೆಯಿರಿ. ಎಲ್ಲಿ ಬಣ್ಣ ಎದ್ದಿದೆ, ಎಲ್ಲಿ ಗೀರಿದೆ ಅಂತ ಬರೆದು ಇಬ್ಬರೂ ಸಹಿ ಮಾಡಿ. ಸ್ನೇಹ ಉಳಿಯುವುದು ಈ ಕಾಗದದಿಂದಲೇ. ಕಲಾವಿದರಿಗೂ ಆ ಫೋಟೋ ಕೊಡಿ. ಮುಂದೆ ಲಲಿತಕಲಾ ಅಕಾಡೆಮಿಗೋ ಇನ್ನೆಲ್ಲಿಗೋ ಅರ್ಜಿ ಹಾಕುವಾಗ ಬೇಕಾಗುತ್ತದೆ.

ಟಂಟಂನಲ್ಲಿ ತರುವಾಗ ಚಿತ್ರಗಳನ್ನು ಮಲಗಿಸಬೇಡಿ, ನಿಲ್ಲಿಸಿ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ದಪ್ಪ ರಟ್ಟು. ಗಾಜಿದ್ದರೆ ಅದರ ಮೇಲೆ ಅಡ್ಡಡ್ಡ ಕಾಗದದ ಟೇಪ್ ಹಚ್ಚಿ. ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ.

ಕಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಹೊಸ ಚಿತ್ರಕ್ಕೆ ಬಂಗಾರ ಬಣ್ಣದ ಹೂಬಳ್ಳಿ ಫ್ರೇಮ್ ಬೇಡ. ನನ್ನ ಅಂಗಡಿಯಲ್ಲಿ ಅದೇ ಜಾಸ್ತಿ ಮಾರುವುದು, ಆದರೂ ಹೇಳುತ್ತೇನೆ. ಸಣ್ಣ ಪಟ್ಟಿ, ಕಪ್ಪು ಇಲ್ಲವೇ ಮರದ್ದೇ ಬಣ್ಣ, ಸಾಕು. ಕಾಗದದ ಮೇಲಿನ ಕೆಲಸಕ್ಕೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಗಾಜಿಗೂ ಕಾಗದಕ್ಕೂ ನಡುವೆ ಕೂರುವ ದಪ್ಪ ರಟ್ಟಿನ ಅಂಚು, ಹಾಕಲೇಬೇಕು. ಗಾಜು ಕಾಗದಕ್ಕೆ ತಾಗಿದರೆ ಬಣ್ಣ ಗಾಜಿಗೆ ಹಿಡಿಯುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಮೊಳೆ ಎಲ್ಲಿ ಹೊಡೆಯಬೇಕು

ಎಲ್ಲರೂ ಚಿತ್ರವನ್ನು ಮೇಲೆ ಹಾಕುತ್ತಾರೆ. ದೇವರ ಫೋಟೋ ಹಾಕಿ ರೂಢಿ, ಅಲ್ವಾ? ಗ್ಯಾಲರಿಗಳಲ್ಲಿ ಚಿತ್ರದ ನಟ್ಟನಡುವನ್ನು ನೆಲದಿಂದ 57 ಇಂಚಿನ ಆಸುಪಾಸಿಗೆ ತರುತ್ತಾರೆ. ನಿಂತವರ ಕಣ್ಣಿನ ಮಟ್ಟ ಅದು. ನಾನು 54ಕ್ಕೆ ಇಳಿಸುತ್ತೇನೆ. ನಮ್ಮಲ್ಲಿ ಬರುವವರಲ್ಲಿ ಹೆಂಗಸರು, ಶಾಲೆ ಮಕ್ಕಳು ಜಾಸ್ತಿ. ಕತ್ತು ಎತ್ತಿ ನೋಡುವವರು ಬೇಗ ಹೊರಡುತ್ತಾರೆ.

ಲೆಕ್ಕ ಸುಲಭ. ಚಿತ್ರದ ಎತ್ತರ 24 ಇಂಚು ಅಂತಿಟ್ಟುಕೊಳ್ಳಿ. ಅರ್ಧ 12. ಹಿಂದಿನ ತಂತಿಯನ್ನು ಬೆರಳಲ್ಲಿ ಮೇಲಕ್ಕೆ ಜಗ್ಗಿ ಹಿಡಿಯಿರಿ. ಅದು ಫ್ರೇಮಿನ ಮೇಲಂಚಿನಿಂದ 3 ಇಂಚು ಕೆಳಗೆ ನಿಂತರೆ, 54ಕ್ಕೆ 12 ಕೂಡಿಸಿ 3 ಕಳೆಯಿರಿ. 63 ಇಂಚಿಗೆ ಮೊಳೆ. ಪ್ರತಿ ಚಿತ್ರಕ್ಕೂ ಈ ಲೆಕ್ಕ ಬೇರೆ. ಹಿಂದೆ ಪೆನ್ಸಿಲಲ್ಲಿ ಬರೆದಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ನೆಲ ನಂಬಬೇಡಿ. ಹಳೆಯ ಫರಸಿ ನೆಲ ಒಂದು ಕಡೆಗೆ ಇಳಿದಿರುತ್ತದೆ. ಪರಿಚಯದ ಗೌಂಡಿಯನ್ನು ಕರೆದು ನೀರಿನ ಪೈಪು ಹಿಡಿಸಿ, ಗೋಡೆ ಉದ್ದಕ್ಕೂ ಒಂದು ಮಟ್ಟದ ದಾರ ಕಟ್ಟಿಸಿಕೊಳ್ಳಿ. ಎಲ್ಲ ಅಳತೆ ಆ ದಾರದಿಂದ. ಐದು ಕೆಜಿಗಿಂತ ಭಾರವಿದ್ದರೆ ಒಂದು ಮೊಳೆ ಬೇಡ, ಡ್ರಿಲ್ ಮಾಡಿ ಪ್ಲಗ್ ಹಾಕಿ ಎರಡು ಸ್ಕ್ರೂ. ಅಂಟಿಸುವ ಹುಕ್ ಅಂತೂ ಬೇಡವೇ ಬೇಡ. ರಾತ್ರಿ ಎರಡು ಗಂಟೆಗೆ ಬೀಳುವುದು ಅವೇ.

ಚಿತ್ರದಿಂದ ಚಿತ್ರಕ್ಕೆ ಕಡಿಮೆ ಅಂದರೂ ಒಂದಡಿ ಬಿಡಿ. ಮೂವತ್ತು ಚಿತ್ರ ಬಂದಿದ್ದರೂ ಗೋಡೆ ಹಿಡಿಯುವುದು ಹದಿನೆಂಟು ಆದರೆ ಹದಿನೆಂಟೇ ಹಾಕಿ. ಬೇಸರ ಮಾಡಿಕೊಳ್ಳುವ ಕಲಾವಿದರಿಗೆ ಮೊದಲೇ ಹೇಳಿಬಿಡಿ.

ಬೆಳಕಿಗೆ ಟ್ಯೂಬ್‌ಲೈಟ್ ಆಗುವುದಿಲ್ಲ, ಗಾಜಿನಲ್ಲಿ ಪೂರ್ತಿ ಟ್ಯೂಬೇ ಕಾಣುತ್ತದೆ. ಹಳದಿ ಛಾಯೆಯ ಎಲ್‌ಇಡಿ ಸ್ಪಾಟ್ ತಗೊಳ್ಳಿ, ಡಬ್ಬಿ ಮೇಲೆ ಸಿಆರ್‌ಐ 90 ಅಂತ ಇರಲಿ. ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು. 90 ಇದ್ದರೆ ಬಣ್ಣ ಇದ್ದ ಹಾಗೆ ಕಾಣುತ್ತದೆ. ಮೇಲಿನಿಂದ ಸ್ವಲ್ಪ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಬೀಳಲಿ. ಕಾಗದ, ಬಟ್ಟೆಯ ಕೆಲಸಕ್ಕೆ ಮ್ಯೂಸಿಯಂಗಳು ಬೆಳಕನ್ನು 50 ಲಕ್ಸ್ ದಾಟಿಸುವುದಿಲ್ಲ. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ನಾವು ಅಷ್ಟು ಅಳೆಯಲು ಆಗದಿದ್ದರೂ ಅವನ್ನು ಕಿಟಕಿ ಬಿಸಿಲಿಂದ ದೂರ ಇಡಬಹುದಲ್ಲ.

ಏಳು ಬಿಳಿ ಬಟ್ಟೆ

ಫ್ರೇಮಿಗೆ ಸಿಗದ ಕೆಲಸಗಳೂ ಬರುತ್ತವೆ. ಅವು ಬಂದಾಗ ಹೆದರಬೇಡಿ. ಮೂರು ವರ್ಷದ ಹಿಂದೆ ಬಿವಿಎ, ಅಂದರೆ ಚಿತ್ರಕಲೆಯ ಡಿಗ್ರಿ, ಓದುವ ಒಬ್ಬ ಹುಡುಗಿ ಒಂದು ಚೀಲ ತಂದಳು. ಒಳಗೆ ಏಳು ಬಿಳಿ ಬಟ್ಟೆ. ಫ್ಯಾಕ್ಟರಿಗಳ ಹತ್ತಿರದ ಹಳ್ಳಿ ಅವಳದು. ಮನೆ ಮಾಳಿಗೆ ಮೇಲೆ ಏಳು ಬಟ್ಟೆ ಹಾಸಿ, ದಿನಕ್ಕೊಂದರಂತೆ ತೆಗೆದು ಮಡಚಿಟ್ಟಿದ್ದಳು. ಮೊದಲನೆಯದು ಬಹುತೇಕ ಬಿಳಿ. ಏಳನೆಯದು ಇದ್ದಿಲ ಪುಡಿ ಸವರಿದ ಹಾಗೆ. ನಡುವೆ ಒಂದರಲ್ಲಿ ಕಾಗೆಯ ಹೆಜ್ಜೆ ಮೂಡಿತ್ತು, ಮೂರು ಬೆರಳು ಸ್ಪಷ್ಟವಾಗಿ.

ಗಾಜು ಹಾಕಿ ಕಟ್ಟಿದರೆ ಧೂಳು ಉಳಿಯುತ್ತದೆ ಅಂತ ನಾನು ಅಂದೆ. ಅವಳು ಬೇಡ ಅಂದಳು. ಕೊನೆಗೆ ಗೋಡೆಯಿಂದ ಗೋಡೆಗೆ ತಂತಿ ಬಿಗಿದು, ಮನೆಯಲ್ಲಿ ಒಗೆದ ಬಟ್ಟೆ ಒಣಹಾಕುವಂತೆ ಮರದ ಕ್ಲಿಪ್ಪಲ್ಲಿ ಹಾಕಿದೆವು. ಫ್ಯಾನ್ ಬಂದ್ ಮಾಡಿದೆವು. ಎರಡಡಿ ದೂರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು. ಅವಳು ಹೇಳಿದ್ದೇ ಸರಿಯಾಗಿತ್ತು. ಒಬ್ಬ ಅಜ್ಜಿ ಗೆರೆಯ ಹತ್ತಿರ ಬಂದು ನಿಂತರು. “ನಮ್ಮ ಮನ್ಯಾಗಿನ ಅರಿವಿನೂ ಹಿಂಗ ಆಗ್ತಾವ ನೋಡವಾ” ಅಂದರು. ಆಮೇಲೆ ಆ ಹುಡುಗಿ ಜೊತೆ ಬೆಂಚಿನ ಮೇಲೆ ಕೂತು ಅರ್ಧ ತಾಸು ಮಾತಾಡಿದರು. ಫ್ರೇಮ್ ಹಾಕಿದ್ದರೆ ಆ ಅಜ್ಜಿ ಅದನ್ನು ಚಿತ್ರ ಅಂತ ದಾಟಿ ಹೋಗುತ್ತಿದ್ದರು ಅಂತ ನನಗೆ ಅನಿಸುತ್ತದೆ.

ಅದಕ್ಕೇ ಹೇಳುವುದು, ಇಂಥ ಕೆಲಸವನ್ನು ಹೇಗೆ ಇಡಬೇಕು ಅಂತ ಮಾಡಿದವರನ್ನು ಕೇಳಿ. ಪಕ್ಕದಲ್ಲಿ ಬೆಂಚು ಇಡಿ. ವಿಡಿಯೊ ಇದ್ದರೆ ಎಷ್ಟು ನಿಮಿಷದ್ದು ಅಂತ ಬರೆದು ಹಾಕಿ, ಕರೆಂಟ್ ಹೋದಾಗ ಏನು ಮಾಡುವುದು ಅಂತ ಮೊದಲೇ ಯೋಚಿಸಿ.

“ಇದೂ ಕಲೆನಾ?” ಅಂತ ಕೇಳುವವರು ಇರುತ್ತಾರೆ. ಕೇಳಲಿ, ಒಳ್ಳೆಯದೇ. ನಮ್ಮ ಜಿಲ್ಲೆಯ ಹಿರೇಬೆನಕಲ್ ಗುಡ್ಡದ ಬಂಡೆಗಳಲ್ಲಿ ಆದಿಮಾನವರು ಬರೆದ ಕೆಂಪು ಬಣ್ಣದ ಮನುಷ್ಯರು, ಪ್ರಾಣಿಗಳು ಇವೆಯಲ್ಲ, ಅವನ್ನು ನೆನಪಿಸುತ್ತೇನೆ. ಅವರು ಕೈಗೆ ಸಿಕ್ಕ ಮಣ್ಣಲ್ಲಿ ತಾವು ಕಂಡದ್ದನ್ನು ಬರೆದರು. ಈ ಹುಡುಗಿ ಮಾಳಿಗೆ ಮೇಲೆ ಸಿಕ್ಕ ಧೂಳಲ್ಲಿ ಬರೆದಿದ್ದಾಳೆ.

ಮುಟ್ಟುವ ಮೇಜು

ಮಕ್ಕಳಿಗೆ ‘ಮುಟ್ಟಬೇಡಿ’ ಅಂತ ಇಪ್ಪತ್ತು ಸಲ ಹೇಳುವ ಬದಲು ಮುಟ್ಟಲು ಏನಾದರೂ ಕೊಡಿ. ಬಣ್ಣದ ಮರದ ಗೊಂಬೆಗೆ ಹೆಸರಾದ ಕಿನ್ನಾಳ ನಮಗೆ ಹತ್ತಿರ. ಅಲ್ಲಿನ ಚಿತ್ರಗಾರರೊಬ್ಬರನ್ನು ಕೇಳಿ, ಒಂದೇ ಗೊಂಬೆಯ ನಾಲ್ಕು ಹಂತ ತರಿಸಿ ಮೇಜಿನ ಮೇಲೆ ಇಟ್ಟಿದ್ದೆವು. ಮೊದಲನೆಯದು ಬರೀ ಮರ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಎರಡನೆಯದಕ್ಕೆ ಕಿಟ್ಟ ಮೆತ್ತಿದೆ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಮಾಡಿದ್ದು. ಬೆರಳಾಡಿಸಿದರೆ ಒರಟು. ಮೂರನೆಯದರಲ್ಲಿ ಅರಳೆ ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟಿದ್ದಾರೆ, ನುಣುಪು. ನಾಲ್ಕನೆಯದು ಬಣ್ಣದ ಗೊಂಬೆ. ಮಕ್ಕಳು ಕಣ್ಣು ಮುಚ್ಚಿ ಯಾವುದು ಯಾವ ಹಂತ ಅಂತ ಹೇಳುವ ಆಟ ಕಟ್ಟಿಕೊಂಡರು.

ಒಂದು ಮಾತು. ಕಿನ್ನಾಳದ ಕೆಲಸವನ್ನು ಬಾಗಿಲಲ್ಲಿ ಅಲಂಕಾರಕ್ಕೆ ಇಟ್ಟು, ಒಳಗೆ ‘ನಿಜವಾದ ಕಲೆ’ ಇಡಬೇಡಿ. ಮಾಡಿದವರ ಹೆಸರು ಬರೆಯಿರಿ, ಬೆಲೆ ಬರೆಯಿರಿ, ಬೇರೆ ಕಲಾವಿದರಿಗೆ ಕೊಡುವಷ್ಟೇ ಬೆಳಕು ಕೊಡಿ.

ಚೀಟಿ, ಬೆಲೆ, ಉದ್ಘಾಟನೆ

ಚಿತ್ರದ ಪಕ್ಕದ ಚೀಟಿ ಕನ್ನಡದಲ್ಲಿರಲಿ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಿರಲಿ. ಹೆಸರು, ಊರು, ವರ್ಷ, ಯಾವುದರಿಂದ ಮಾಡಿದ್ದು, ಅಳತೆ, ಬೆಲೆ. ಊರು ಬಿಡಬೇಡಿ. ‘ಕುಕನೂರು’ ಅಂತ ಓದಿದ ಕೂಡಲೇ ಆ ಕಡೆಯವರು ನಿಂತು ನೋಡುತ್ತಾರೆ. ಕಲಾವಿದರ ಒಂದೆರಡು ವಾಕ್ಯವೂ ಇರಲಿ, ಅವರು ಮನೆಯಲ್ಲಿ ಆಡುವ ಮಾತಲ್ಲಿ. ‘ಅಸ್ತಿತ್ವದ ಅನ್ವೇಷಣೆ’ ಅಂತ ಬರೆದುಕೊಟ್ಟರೆ ನಾನು ವಾಪಸ್ ಕೊಡುತ್ತೇನೆ. ನೀನು ಏನು ನೋಡಿದೆ, ಅದನ್ನು ಬರಿ ಅನ್ನುತ್ತೇನೆ.

ಬೆಲೆ ಮುಚ್ಚಿಡಬೇಡಿ. ಕೇಳಲು ನಾಚುವವರು ಕೊಳ್ಳುವುದೂ ಇಲ್ಲ. ಐನೂರು, ಸಾವಿರದೊಳಗಿನ ಸಣ್ಣ ಪ್ರಿಂಟು, ಸ್ಕೆಚ್ಚು ಕೆಲವಿರಲಿ. ಮಾರಿದ್ದಕ್ಕೆ ಕೆಂಪು ಚುಕ್ಕಿ ಹಚ್ಚಿ, ಮುಂಗಡ ತಗೊಂಡು ರಸೀದಿ ಕೊಡಿ, ಕೊನೆಯ ದಿನದವರೆಗೆ ಚಿತ್ರ ಗೋಡೆ ಮೇಲೆ ಇರಲಿ.

ಉದ್ಘಾಟನೆ ಅರ್ಧ ತಾಸಲ್ಲಿ ಮುಗಿಯಲಿ. ದೀಪದ ಸಮೆ ಚಿತ್ರಗಳಿಂದ ದೂರ ಇಡಿ, ಎಣ್ಣೆ ಮಸಿ ಕ್ಯಾನ್ವಾಸಿಗೆ ಹತ್ತಿದರೆ ಹೋಗುವುದಿಲ್ಲ. ಭಾಷಣಕ್ಕಿಂತ ಕಲಾವಿದರು ತಮ್ಮ ತಮ್ಮ ಚಿತ್ರದ ಮುಂದೆ ನಿಂತು ಎರಡು ನಿಮಿಷ ಮಾತಾಡುವುದು ಒಳ್ಳೆಯದು. ಆಮೇಲೆ ದಿನವೂ ಸಂಜೆ ಐದರಿಂದ ಎಂಟರವರೆಗೆ ಇಬ್ಬರಾದರೂ ಬಾಗಿಲ ಹತ್ತಿರ ಇರಬೇಕು, ಮೊಬೈಲ್ ಜೇಬಿನಲ್ಲಿಟ್ಟು. “ಬರ್ರೀ ಅಕ್ಕಾರ, ನೋಡಾಕ ರೊಕ್ಕಿಲ್ಲ” ಅಂದರೆ ಸಾಕು. ಒಳಗೆ ಬಂದವರ ಬೆನ್ನು ಹತ್ತಿ ವಿವರಿಸಬೇಡಿ. ಅವರು ತಿರುಗಿ ನಿಮ್ಮ ಮುಖ ನೋಡಿದಾಗ ಮಾತಾಡಿ.

ಇಳಿಸುವ ದಿನಕ್ಕೂ ಜನ ಬೇಕು, ಅವತ್ತು ಎಲ್ಲರೂ ಮಾಯ ಆಗುತ್ತಾರೆ. ಮೊದಲೇ ಮೂವರನ್ನು ಒಪ್ಪಿಸಿಡಿ. ಇಳಿಸಿದ ಚಿತ್ರವನ್ನು ಮೊದಲ ದಿನದ ಫೋಟೋ ಜೊತೆ ಹಿಡಿದು ನೋಡಿ, ಸಹಿ ಮಾಡಿಸಿ ಕೊಡಿ. ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜುವ ಕಾಗದದಲ್ಲಿ ತಿಕ್ಕಿ. ಬಾಗಿಲ ಬೋರ್ಡನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ನಾನು ಅಂಗಡಿಯ ಅಟ್ಟಕ್ಕೆ ಹಾಕುತ್ತೇನೆ, ಮುಂದಿನ ನವೆಂಬರ್‌ಗೆ ಬೇಕಲ್ಲ.