ಒಳಗಿನ ಡಿಸ್ಕ್ ಮುಟ್ಟದೆ ಹಳೆ ಥಿಂಕ್‌ಪ್ಯಾಡಿಗೆ ಲಿನಕ್ಸ್ ಹಾಕಿದ್ದು

ಹಳೆ ಲ್ಯಾಪ್‌ಟಾಪನ್ನು ಹೊರಗಿನ ಡಿಸ್ಕಿಗೆ ಹಾಕಿದ ಲಿನಕ್ಸಿನಿಂದ (ವಿಂಡೋಸಿನ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಬೂಟ್ (ಚಾಲೂ) ಮಾಡಬೇಕು ಅಂದರೆ ಮೊದಲು ಒಳಗಿನ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮಷೀನು ನಮ್ಮ ದೊಡ್ಡಪ್ಪನದು: ಥಿಂಕ್‌ಪ್ಯಾಡ್ ಟಿ420, 2011ರ ಮಾಡೆಲ್. ಕೀಬೋರ್ಡ್ ಇವತ್ತಿಗೂ ಅಪ್ಪಟ ಚಿನ್ನ. ಆದರೆ ಒಳಗಿದ್ದದ್ದು ವಿಂಡೋಸ್ 7. ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಅದರ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿಗೇ ನಿಂತಿತ್ತು, ಕ್ರೋಮ್ ಕೂಡ 109ನೇ ಆವೃತ್ತಿಯಲ್ಲೇ ನಿಂತುಬಿಟ್ಟಿತ್ತು. ಫಾರ್ಮ್ಯಾಟ್ ಮಾಡೋಣವೆಂದರೆ ಆ ಡಿಸ್ಕಿನಲ್ಲಿ ಅವರು ವರ್ಷಗಟ್ಟಲೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕುಟ್ಟಿದ ಬರಹಗಳಿವೆ. "ಏನಾದ್ರೂ ಮಾಡ್ಕೋ ಮಗಾ, ಒಳಗಿರೋದಕ್ಕೆ ಮಾತ್ರ ಕೈ ಹಾಕ್ಬೇಡ" ಅಂದರು ದೊಡ್ಡಪ್ಪ. ಬ್ಯಾಕಪ್ ತೆಗೆದುಕೊಟ್ಟೆ. ಆದರೂ ಆ ಡಿಸ್ಕ್ ಇದ್ದ ಹಾಗೇ ಇರಬೇಕು ಅನ್ನುವ ಅವರ ಮಾತು ನನಗೂ ಸರಿಯೆನಿಸಿತು.

ಹಾಗಾಗಿ ಲಿನಕ್ಸನ್ನು ಹೊರಗಿನ ಡಿಸ್ಕಿಗೇ ಹಾಕೋಣವೆಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅದಕ್ಕೊಂದು ಯುಎಸ್‌ಬಿ ಕೇಸ್ ತಂದೆ. ಪೆನ್‌ಡ್ರೈವಿಗೇ ಇನ್‌ಸ್ಟಾಲ್ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ಆಪರೇಟಿಂಗ್ ಸಿಸ್ಟಂ ಸದಾ ಚೂರುಚೂರು ಫೈಲುಗಳನ್ನು ಬರೆಯುತ್ತಲೇ ಇರುತ್ತದೆ. ಸಾಧಾರಣ ಪೆನ್‌ಡ್ರೈವ್ ಅಲ್ಲೇ ಏದುಸಿರು ಬಿಡುತ್ತದೆ. ಹಳೆ ಹಾರ್ಡ್‌ಡಿಸ್ಕ್ ಹಾಕೋಣವೆಂದರೆ ಈ ಮಷೀನಿನ ಯುಎಸ್‌ಬಿ 2.0 ಪೋರ್ಟಿಗೆ ನಿಗದಿಯಾದ ಕರೆಂಟ್ 500 ಮಿಲಿಆಂಪ್ ಮಾತ್ರ. ತಟ್ಟೆ ತಿರುಗಲು ಶುರುವಾಗುವ ಹೊತ್ತಿಗೆ ಕೆಲವು ಡಿಸ್ಕುಗಳಿಗೆ ಅದು ಸಾಲುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೆಯ 4 ಜಿಬಿ ಡಿಡಿಆರ್3 ರ್‍ಯಾಮೊಂದು ಸಿಕ್ಕಿತು, ಹಾಗಾಗಿ ಒಟ್ಟು 8 ಜಿಬಿ ಆಯಿತು. ಡಿಸ್ಕಿನ ದಾರಿ ಕಿರಿದಾದಾಗ ರ್‍ಯಾಮ್ ಹೆಚ್ಚಿಸುವುದು ಬಹಳ ಮುಖ್ಯ, ಇಲ್ಲದಿದ್ದರೆ ಸ್ವಾಪ್ (ರ್‍ಯಾಮ್ ಸಾಲದಾದಾಗ ಡಿಸ್ಕಿಗೆ ಸರಿಸುವ ಡೇಟಾ) ಕೂಡ ಅದೇ ಯುಎಸ್‌ಬಿ ತಂತಿಯಲ್ಲೇ ಓಡಾಡಬೇಕು.

ಈಗ ಬಿಚ್ಚುವ ವಿಷಯ. ನಾನು ಆರಿಸಿದ್ದು ಲಿನಕ್ಸಿನ ಒಂದು ಬಗೆಯಾದ ಮಿಂಟ್. ಅದರ ಇನ್‌ಸ್ಟಾಲರಿಗೆ ಒಂದು ಹಳೆ ಚಾಳಿ ಇದೆ. ಯುಇಎಫ್ಐ ಮೋಡಿನಲ್ಲಿ (ಬೂಟ್ ಆಗುವ ಹೊಸ ರೀತಿ) ಇನ್‌ಸ್ಟಾಲ್ ಮಾಡುವಾಗ ಬೂಟ್‌ಲೋಡರ್ (ಸಿಸ್ಟಂ ಶುರುಮಾಡುವ ಪ್ರೋಗ್ರಾಂ) ಎಲ್ಲಿಗೆ ಹೋಗಬೇಕೆಂದು ಕೆಳಗಿನ ಪಟ್ಟಿಯಲ್ಲಿ ಹೊರಗಿನ ಡಿಸ್ಕನ್ನೇ ಆರಿಸಿದರೂ, ಒಳಗಿನ ಡಿಸ್ಕಿನಲ್ಲಿ ಇಎಫ್ಐ ಪಾರ್ಟಿಶನ್ (ಬೂಟ್ ಫೈಲುಗಳಿರುವ ಚಿಕ್ಕ ಭಾಗ) ಕಂಡರೆ ಗ್ರಬ್ ಎಂಬ ಆ ಬೂಟ್‌ಲೋಡರನ್ನು ಅಲ್ಲಿಗೇ ಹಾಕಿಬಿಡಬಹುದು. ಆಮೇಲೆ ಹೊರಗಿನ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದು ಬೂಟ್ ಆಗುವುದಿಲ್ಲ. ಹೊರಗಿನದನ್ನು ಕಿತ್ತರೆ ಒಳಗಿನದೂ ಗ್ರಬ್ಬಿನ ಕಪ್ಪು ಪರದೆಯಲ್ಲಿ ನಿಂತುಬಿಡಬಹುದು. ದೊಡ್ಡಪ್ಪನ ವಿಂಡೋಸ್ ಹಳೆ ಲೆಗಸಿ ರೀತಿಯಲ್ಲಿತ್ತು, ಅದರಲ್ಲಿ ಇಎಫ್ಐ ಪಾರ್ಟಿಶನ್ ಇರಲಿಲ್ಲ. ಆದರೂ ತಪ್ಪಾದ ಡಿಸ್ಕ್ ಆರಿಸುವ ಅವಕಾಶವೇ ಇರಬಾರದು. ಟಿ420ಯಲ್ಲಿ ಇದು ಸುಲಭ: ಬ್ಯಾಟರಿ ತೆಗೆದು, ತಳಭಾಗದ ಒಂದು ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೆ, ಪ್ಲಾಸ್ಟಿಕ್ ಪಟ್ಟಿ ಹಿಡಿದೆಳೆದರೆ ಡಿಸ್ಕ್ ರಬ್ಬರ್ ಅಂಚಿನ ಸಮೇತ ಜಾರಿ ಹೊರಬರುತ್ತದೆ.

ಎಫ್1 ಒತ್ತಿ ಬಯೋಸಿಗೆ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳ ಜಾಗ) ಹೋಗಿ, ಸ್ಟಾರ್ಟಪ್ ಪುಟದಲ್ಲಿ ಯುಇಎಫ್ಐ ಮತ್ತು ಲೆಗಸಿ ಎರಡಕ್ಕೂ ಅವಕಾಶ ಕೊಟ್ಟೆ. ಎಫ್12 ಒತ್ತಿ ಇನ್‌ಸ್ಟಾಲರ್ ಇದ್ದ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಮಿಂಟ್ 22, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಆವೃತ್ತಿ. ಎಸ್‌ಎಸ್‌ಡಿಯಲ್ಲಿ 512 ಎಂಬಿಯ ಇಎಫ್ಐ ಪಾರ್ಟಿಶನ್, ಉಳಿದದ್ದೆಲ್ಲ ಲಿನಕ್ಸಿನ ಎಕ್ಸ್‌ಟಿ4 ಫಾರ್ಮ್ಯಾಟ್. ಇನ್‌ಸ್ಟಾಲ್ ಮುಗಿದ ಮೇಲೆ ಆ ಚಿಕ್ಕ ಪಾರ್ಟಿಶನ್ ತೆರೆದು, ಇಎಫ್ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಹೆಸರಿನ ಫೈಲು ಇದೆಯೇ ಎಂದು ನೋಡಿಕೊಂಡೆ. ಲ್ಯಾಪ್‌ಟಾಪಿನ ಬಯೋಸಿಗೆ ಮೊದಲೇ ಪರಿಚಯವಿಲ್ಲದ ಡಿಸ್ಕ್ ಕೂಡ ಬೂಟ್ ಆಗುವುದು ಆ ಫೈಲಿನಿಂದಲೇ. ಇಲ್ಲದಿದ್ದರೆ ಗ್ರಬ್-ಇನ್‌ಸ್ಟಾಲ್ ಆಜ್ಞೆಯನ್ನು ರಿಮೂವಬಲ್ ಆಯ್ಕೆಯೊಂದಿಗೆ ಇನ್ನೊಮ್ಮೆ ಕೊಡಬೇಕು.

ಒಳಗಿನ ಡಿಸ್ಕನ್ನು ವಾಪಸ್ ಕೂರಿಸಿ, ಬೂಟ್ ಕ್ರಮದಲ್ಲಿ ಯುಎಸ್‌ಬಿಯನ್ನು ಮೇಲಕ್ಕೆ ತಂದೆ. ಈಗ ಹೊರಗಿನ ಡಿಸ್ಕ್ ಚುಚ್ಚಿದ್ದರೆ ಮಿಂಟ್, ಇಲ್ಲದಿದ್ದರೆ ಹಳೆ ವಿಂಡೋಸ್. ದೊಡ್ಡಪ್ಪನಿಗೆ ಯಾವ ಮೆನುವೂ ಬೇಡ, ಯಾವ ಕೀಯೂ ನೆನಪಿಡಬೇಕಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದೇ.

ವೇಗದ ಬಗ್ಗೆ ಇದ್ದದ್ದು ಇದ್ದಂತೆ ಹೇಳಬೇಕು. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು 30ರಿಂದ 40 ಮೆಗಾಬೈಟ್ ಅಷ್ಟೆ. ದೊಡ್ಡ ವೀಡಿಯೊ ನಕಲು ಮಾಡುವಾಗ ಕಾಯಲೇಬೇಕು. ಬ್ರೌಸರ್, ಲಿಬ್ರೆಆಫೀಸ್ ತೆರೆಯುವಾಗ ಮಾತ್ರ ಒಳಗಿನ ಹಳೆ ಹಾರ್ಡ್‌ಡಿಸ್ಕಿಗಿಂತ ಚುರುಕು, ಏಕೆಂದರೆ ಎಸ್‌ಎಸ್‌ಡಿಗೆ ಸೂಜಿ ಅತ್ತಿತ್ತ ಓಡಿಸುವ ಕೆಲಸವಿಲ್ಲ. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ (ಹೆಚ್ಚುವರಿ ಕಾರ್ಡ್ ತೂರಿಸುವ ಜಾಗ) ಯುಎಸ್‌ಬಿ 3.0 ಕಾರ್ಡ್ ಹಾಕಿ ಬೂಟ್ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ, ಬಯೋಸಿಗೆ ಆ ಕಾರ್ಡಿನ ಹಿಂದಿರುವ ಡಿಸ್ಕ್ ಕಾಣುವುದೇ ಇಲ್ಲ.

ವಿಂಡೋಸ್ ಪಾರ್ಟಿಶನ್ನನ್ನು ಮಿಂಟಿನಲ್ಲಿ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿದೆ (ಜೋಡಿಸಿದೆ). ನುಡಿಯ ಹಳೆ ಫೈಲುಗಳು ಯುನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲವಾದ್ದರಿಂದ ಮೊದಲು ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ನಕಲಿಸಿ ಮಿಂಟಿಗೆ ಹಾಕಿದ್ದೇ ತಡ, ಕನ್ನಡ ಕಾಣಿಸಿತು. ಹೊಸದಾಗಿ ಬರೆಯಲು ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಎಂ17ಎನ್ ಪಟ್ಟಿಯಲ್ಲಿರುವ, ನುಡಿಯದೇ ಕೀಲಿಮಣೆ ಜೋಡಣೆಯಾದ ಕೆಜಿಪಿ ವಿನ್ಯಾಸ ಕೊಟ್ಟೆ. ನುಡಿಯಲ್ಲಿ ಪಳಗಿದ ಬೆರಳುಗಳು ತಡವರಿಸಲಿಲ್ಲ. ಹಳೆಯದನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಬಿಡುವಾದಾಗ ನಡೆದಿದೆ.

ತಂತಿ ಜಗ್ಗಿ ಡಿಸ್ಕ್ ಕಳಚಿದರೆ ಸಿಸ್ಟಂ ಅಲ್ಲೇ ಹೆಪ್ಪುಗಟ್ಟುತ್ತದೆ, ಬರೆಯುತ್ತಿದ್ದದ್ದು ಹೋಗುತ್ತದೆ. ಅದಕ್ಕೇ ಗೇಣುದ್ದದ ಕೇಬಲ್ ಹಾಕಿ, ಕೇಸನ್ನು ಪರದೆಯ ಬೆನ್ನಿಗೆ ವೆಲ್ಕ್ರೋದಿಂದ ಅಂಟಿಸಿದೆ. ಸಸ್ಪೆಂಡ್ ಆಗಿ (ನಿದ್ದೆಗೆ ಹೋಗಿ) ಎದ್ದಾಗಲೂ ಕೆಲವು ಯುಎಸ್‌ಬಿ ಕೇಸುಗಳು ಹೊಸ ಡಿಸ್ಕಿನಂತೆ ಮತ್ತೆ ಹಾಜರಾಗುತ್ತವೆ, ಆಗಲೂ ಇದೇ ಪಾಡು. ಪವರ್ ಸೆಟ್ಟಿಂಗಿನಲ್ಲಿ ಸಸ್ಪೆಂಡ್ ಪೂರ್ತಿ ತೆಗೆದುಹಾಕಿ, ಮುಚ್ಚಳ ಮುಚ್ಚಿದರೆ ಪರದೆ ಮಾತ್ರ ಆರುವಂತೆ ಇಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಬೇಕು ಎಂದು ದೊಡ್ಡಪ್ಪನಿಗೆ ಹೇಳಿದ್ದೇನೆ.