ಕಾರು ತೊಳೆಯುವ ಸೋಪು: ಬಾಟಲಿಯ ಬೆಲೆ ಬಿಡಿ, ಬಕೆಟ್ ಲೆಕ್ಕ ಹಾಕಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಯಾರ ಕಾರು ಯಾವ ಬಣ್ಣದ್ದೆಂದು ಹೇಳುವುದು ಕಷ್ಟ. ತೋಟದ ದಾರಿಯಲ್ಲಿ ಒಂದು ಸಲ ಹೋಗಿ ಬಂದರೆ ಸಾಕು, ಬಿಳಿ ಕಾರೂ ಅರ್ಧಕ್ಕೆ ಕೆಂಪು. ಪ್ರತಿ ಸಲ ಪೇಟೆಗೆ ಹೋಗಿ ವಾಟರ್ ವಾಷ್ ಮಾಡಿಸಿದರೆ ಜೇಬು ತಡೆಯುವುದಿಲ್ಲ, ಮಾಡಿಸಿದರೂ ಮನೆ ಸೇರುವಷ್ಟರಲ್ಲಿ ಅರ್ಧ ಕೆಸರು ಮತ್ತೆ ಮೆತ್ತಿಕೊಂಡಿರುತ್ತದೆ. ಹಾಗಾಗಿ ಅಂಗಳದಲ್ಲೇ ತೊಳೆಯುವವರು ಇಲ್ಲಿ ಹೆಚ್ಚು. ಆದರೆ ಅಂಗಡಿಗೆ ಹೋದರೆ ನೂರು ರೂಪಾಯಿಯ ಬಾಟಲಿಯೂ ಇದೆ, ಆರುನೂರರದ್ದೂ ಇದೆ, ಐದು ಲೀಟರ್ ಕ್ಯಾನೂ ಇದೆ. ಇವುಗಳಲ್ಲಿ ಅಗ್ಗ ಯಾವುದು ಎಂಬುದು ಬೆಲೆಯ ಚೀಟಿ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು, ಸೋಪಿಗೆ ಏನು ಕೆಲಸ?

ಕೊಡಗಿನ ಕೆಸರನ್ನು ತೆಗೆಯುವುದು ನೀರು, ಸೋಪಲ್ಲ. ಕೆಮ್ಮಣ್ಣು ಎಂದರೆ ಕಬ್ಬಿಣದ ಆಕ್ಸೈಡ್‌ನಿಂದ ಕೆಂಪಾದ ಜೇಡಿ, ಅದರೊಳಗೆ ಸಣ್ಣ ಮರಳು. ಜೇಡಿ ನೆನೆದರೆ ತಾನೇ ಬಿಡುತ್ತದೆ. ನೆನೆಯುವ ಮೊದಲೇ ಸೋಪಿನ ಬಟ್ಟೆ ಇಟ್ಟು ಉಜ್ಜಿದರೆ ಒಳಗಿನ ಮರಳು ಬಣ್ಣದ ಮೇಲೆ ಗೀರು ಎಳೆಯುತ್ತದೆ. ಕಾರಿನ ಹೊಳಪೆಲ್ಲ ಇರುವುದು ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆಯಂಥ ಸುತ್ತುಗೀರು ಕಾಣುತ್ತದಲ್ಲ, ಅದರ ಮೂಲ ಹೆಚ್ಚಾಗಿ ಇಂಥ ಉಜ್ಜಾಟವೇ.

ಹಾಗಾದರೆ ಸೋಪು ಏಕೆ? ಎರಡು ಕಾರಣಕ್ಕೆ. ರಸ್ತೆಯ ಎಣ್ಣೆ, ಲಾರಿಯ ಹೊಗೆಯ ಜಿಡ್ಡು ಬರೀ ನೀರಿಗೆ ಬಗ್ಗುವುದಿಲ್ಲ. ಎರಡನೆಯದು, ನೀರು ಹೊಯ್ದ ಮೇಲೂ ಉಳಿದ ಸಣ್ಣ ಕಣಗಳು ಬಟ್ಟೆಯ ಕೆಳಗೆ ಜಾರಿ ಹೋಗಬೇಕು. ಈ ಜಾರಿಕೆಗೇ ನಾವು ದುಡ್ಡು ಕೊಡುವುದು, ನೊರೆಗಲ್ಲ. ಬೆಟ್ಟದಷ್ಟು ನೊರೆ ಬಂದರೆ ಕಣ್ಣಿಗೆ ಖುಷಿ, ಅಷ್ಟೆ. ಸೋಪು ಗಟ್ಟಿ ಇದ್ದರೆ ಒಳ್ಳೆಯದು ಎಂಬ ನಂಬಿಕೆಯನ್ನೂ ಬಿಡಿ. ತೆಳ್ಳಗಿನ ದ್ರಾವಣಕ್ಕೆ ಅಡುಗೆ ಉಪ್ಪು ಸೇರಿಸಿ ಗಟ್ಟಿ ಮಾಡುವುದು ಈ ಉದ್ಯಮದಲ್ಲಿ ಮಾಮೂಲು.

ಮನೆಯಲ್ಲಿ ಇರುವುದೇ ಸಾಲದೇ?

ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದು ಕ್ಷಾರ. ಬಾಗಿಲಿನ ರಬ್ಬರ್ ಒಣಗುತ್ತದೆ, ಕಪ್ಪು ಪ್ಲಾಸ್ಟಿಕ್ ಬೂದುಗಟ್ಟುತ್ತದೆ, ಕರಗದ ಪುಡಿಯ ಕಾಳು ಬಟ್ಟೆಯಲ್ಲೇ ಉಳಿದು ಗೀರು ಹಾಕುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಅಷ್ಟು ಕೆಟ್ಟದ್ದಲ್ಲ. ಒಂದು ಸಲ ಹಾಕಿದರೆ ಬಣ್ಣ ಕಿತ್ತು ಬರುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಜಿಡ್ಡು ತೆಗೆಯಲೆಂದೇ ಮಾಡಿದ್ದು ಅದು, ಬಣ್ಣ ಕಾಯಲೆಂದು ಹಚ್ಚಿದ ವ್ಯಾಕ್ಸನ್ನೂ (ಮೇಣವನ್ನೂ) ಜಿಡ್ಡೆಂದೇ ತಿಳಿದು ತೆಗೆಯುತ್ತದೆ. ತಿಂಗಳುಗಟ್ಟಲೆ ಮಳೆಯಲ್ಲಿ ನೆನೆಯುವ ಕಾರಿಗೆ ವ್ಯಾಕ್ಸ್ ಬೇಕು. ಹೊಸದಾಗಿ ವ್ಯಾಕ್ಸ್ ಹಾಕುವ ಮುಂಚೆ ಹಳೆಯದನ್ನು ತೆಗೆಯಲು ಮಾತ್ರ ಅದನ್ನು ಬಳಸಿ.

ಒಂದು ರೂಪಾಯಿಯ ತಲೆಶಾಂಪೂ ಸ್ಯಾಷೆ ನಮ್ಮಲ್ಲಿ ಬಹಳ ಹಳೆಯ ಉಪಾಯ, ತೀರಾ ತಪ್ಪೂ ಅಲ್ಲ. ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ತಟಸ್ಥಕ್ಕೆ ಹತ್ತಿರ. ಕೂದಲು ನುಣುಪಾಗಲೆಂದು ಸೇರಿಸಿದ ಸಿಲಿಕೋನ್ ಗಾಜಿನ ಮೇಲೆ ಪೊರೆ ಕಟ್ಟುವುದೇ ತೊಂದರೆ. ರಾತ್ರಿ ಸಂಪಾಜೆ ಘಾಟಿಯಲ್ಲಿ ಮಳೆ ಸುರಿಯುವಾಗ, ಎದುರು ಗಾಡಿಯ ಲೈಟ್ ಬಿದ್ದ ತಕ್ಷಣ ವೈಪರ್ ಎಳೆದ ಕಡೆಯೆಲ್ಲ ಮಸುಕಾದರೆ ಆ ಒಂದು ರೂಪಾಯಿ ದುಬಾರಿಯಾಗುತ್ತದೆ. ತುರ್ತಿಗೆ ಸರಿ, ಕಂಡೀಷನರ್ ಇಲ್ಲದ ಸಾದಾ ಶಾಂಪೂ ಆರಿಸಿ, ಗಾಜಿಗೆ ಹಾಕಬೇಡಿ.

ಸೀಗೆಪುಡಿ ತಲೆಗೇ ಇರಲಿ, ಅದರ ತರಿ ಬಣ್ಣಕ್ಕೆ ಆಗದು. ಅಂಟುವಾಳಕಾಯಿ ನೆನೆಸಿ ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ ನೀರು ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ. ವ್ಯವಧಾನ ಇದ್ದವರಿಗೆ.

ಲೆಕ್ಕ ಹೀಗೆ

ಬಾಟಲಿಯ ಹಿಂದೆ ಎರಡು ಸಂಗತಿ ಹುಡುಕಿ. ಒಂದು, ಎಷ್ಟಕ್ಕೆ ಎಷ್ಟು ನೀರು ಬೆರೆಸಬೇಕೆಂಬ ಪ್ರಮಾಣ: 1:100, 1:500 ಎಂದೋ, ‘10 ಲೀಟರ್‌ಗೆ 20 ಮಿಲಿ’ ಎಂದೋ ಬರೆದಿರುತ್ತಾರೆ. ಇನ್ನೊಂದು, ಎಂಆರ್‌ಪಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಯೂನಿಟ್ ಸೇಲ್ ಪ್ರೈಸ್. ಒಂದು ಮಿಲಿಗೆ, ದೊಡ್ಡ ಕ್ಯಾನಾದರೆ ಒಂದು ಲೀಟರ್‌ಗೆ ಎಷ್ಟು ಬಿತ್ತು ಎಂದು ಅದರಲ್ಲಿರುತ್ತದೆ. ಒಂದು ಬಕೆಟ್‌ಗೆ ಎಷ್ಟು ಮಿಲಿ ಬೇಕೋ ಅದನ್ನು ಒಂದು ಮಿಲಿಯ ಬೆಲೆಯಿಂದ ಗುಣಿಸಿದರೆ ಬಕೆಟ್‌ನ ಬೆಲೆ ಬಂತು.

ಲೆಕ್ಕಕ್ಕೆಂದು ಮೂರು ಸೋಪು ಇಟ್ಟುಕೊಳ್ಳೋಣ, ಬಕೆಟ್ 10 ಲೀಟರ್‌ನದ್ದು. ಮೊದಲನೆಯದು ಅರ್ಧ ಲೀಟರ್‌ಗೆ 250 ರೂಪಾಯಿ, ಪ್ರಮಾಣ 1:100. ಬಕೆಟ್‌ಗೆ 100 ಮಿಲಿ ಬೇಕು, ಬಾಟಲಿ ಐದೇ ಬಕೆಟ್‌ಗೆ ಮುಗಿಯಿತು. ಬಕೆಟ್‌ಗೆ 50 ರೂಪಾಯಿ. ಎರಡನೆಯದು ಒಂದು ಲೀಟರ್‌ಗೆ 600, ಪ್ರಮಾಣ 1:500. ಬಕೆಟ್‌ಗೆ 20 ಮಿಲಿ, 50 ಬಕೆಟ್ ಬರುತ್ತದೆ. ಬಕೆಟ್‌ಗೆ 12 ರೂಪಾಯಿ. ಮೂರನೆಯದು ಐದು ಲೀಟರ್ ಕ್ಯಾನ್, 500 ರೂಪಾಯಿ, 1:50. ಲೀಟರ್‌ಗೆ ಬರೀ ನೂರೇ ರೂಪಾಯಿ ಎಂದು ಎಲ್ಲರೂ ಬೀಳುವುದು ಇದಕ್ಕೇ. ಬಕೆಟ್‌ಗೆ 200 ಮಿಲಿ ಸುರಿಯಬೇಕು, 25 ಬಕೆಟ್‌ಗೆ ಕ್ಯಾನ್ ಖಾಲಿ, ಬಕೆಟ್‌ಗೆ 20 ರೂಪಾಯಿ. ಲೀಟರ್ ಲೆಕ್ಕದಲ್ಲಿ ಆರು ಪಟ್ಟು ದುಬಾರಿಯಾಗಿದ್ದ ಸೋಪು ಬಕೆಟ್ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ.

ಈ ಲೆಕ್ಕ ಕೈ ಕೊಡುವುದು ಒಂದೇ ಜಾಗದಲ್ಲಿ: ಬಾಟಲಿ ಬಗ್ಗಿಸಿ ‘ಒಂದಿಷ್ಟು’ ಸುರಿದರೆ. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಎಸೆಯದೆ ತೊಳೆದು ಸೋಪಿನ ಬಾಟಲಿಗೇ ಕಟ್ಟಿಡಿ. ಪ್ರಮಾಣ ಬರೆಯದ ಬಾಟಲಿಯನ್ನು ಅಂಗಡಿಯಲ್ಲೇ ಬಿಡಿ.

‘ಪಿಎಚ್ ನ್ಯೂಟ್ರಲ್’ ಎಂದಿದ್ದರೆ ಒಳ್ಳೆಯದು. ‘ವಾಷ್ ಆಂಡ್ ವ್ಯಾಕ್ಸ್’ ಬಗೆಯದು ಸ್ವಲ್ಪ ಹೊಳಪು ಕೊಡುತ್ತದೆ, ಆದರೆ ಬೇರೆಯಾಗಿ ಹಾಕಿದ ವ್ಯಾಕ್ಸಿಗೆ ಸಮವಲ್ಲ. ಇನ್ನು ಪ್ರೆಷರ್ ವಾಷರ್‌ಗೆ ಜೋಡಿಸಿ ಹೊಡೆಯುವ ಸ್ನೋ ಫೋಮ್. ಮಳೆಗಾಲದಲ್ಲಿ ಕರೆಂಟ್ ಯಾವಾಗ ಬರುತ್ತದೋ ಎಂದು ಕಾಯುವ ಊರಿನಲ್ಲಿ ಅದರ ಮಾತು ಬೇಡ.

ಲೂಸ್ ಸೋಪಿಗೆ ಅರಿಸಿನದ ಪರೀಕ್ಷೆ

ಹೆಸರಿಲ್ಲದ ಕ್ಯಾನ್‌ನಲ್ಲಿ, ನೀರಿನ ಬಾಟಲಿಯಲ್ಲಿ ತುಂಬಿ ಮಾರುವ ಸೋಪು ಎಲ್ಲ ಕಡೆಯೂ ಸಿಗುತ್ತದೆ. ಹಲವನ್ನು ಆಸಿಡ್ ಸ್ಲರಿಗೆ (ಡಿಟರ್ಜೆಂಟಿನ ಮೂಲವಾದ ಆಮ್ಲ) ಕಾಸ್ಟಿಕ್ ಸೋಡಾ ಎಂಬ ಕ್ಷಾರ ಹಾಕಿ ತಯಾರಿಸುತ್ತಾರೆ. ಹದ ಸರಿ ಬಿದ್ದರೆ ಚೆನ್ನಾಗೇ ಇರುತ್ತದೆ, ಸೋಡಾ ಹೆಚ್ಚಾದರೆ ಕ್ಷಾರ ಉಳಿಯುತ್ತದೆ. ಅದನ್ನು ಕಂಡುಹಿಡಿಯಲು ಪಿಎಚ್ ಕಾಗದ ಹುಡುಕಿಕೊಂಡು ಮೈಸೂರಿಗೆ ಹೋಗಬೇಕಿಲ್ಲ.

ಬಿಳಿ ತಟ್ಟೆಯಲ್ಲಿ ಚಿಟಿಕೆ ಅರಿಸಿನ ಹಾಕಿ, ನಾಲ್ಕು ಹನಿ ನೀರಲ್ಲಿ ಕದಡಿ ತೆಳ್ಳಗೆ ಹರಡಿ. ಬೇರೊಂದು ಲೋಟದಲ್ಲಿ, ಬಕೆಟ್‌ಗೆ ಬೆರೆಸುವ ಪ್ರಮಾಣದಲ್ಲೇ ಸೋಪನ್ನು ನೀರಿಗೆ ಸೇರಿಸಿ. ಸೋಪಿಗೆ ಹಾಕಿರುವ ನೀಲಿ, ಗುಲಾಬಿ ಬಣ್ಣ ದಾರಿ ತಪ್ಪಿಸಬಾರದಲ್ಲ, ಅದಕ್ಕೇ ತೆಳು ಮಾಡುವುದು. ಆ ನೀರಿನ ಒಂದು ಹನಿಯನ್ನು ಅರಿಸಿನದ ಮೇಲೆ ಬಿಡಿ. ಹಳದಿ ಹಳದಿಯಾಗೇ ಉಳಿದರೆ ಕ್ಷಾರದ ಚಿಂತೆ ಇಲ್ಲ. ಹನಿ ಬಿದ್ದ ಜಾಗ ಇಟ್ಟಿಗೆಗೆಂಪಿಗೆ ತಿರುಗಿದರೆ ಆ ಸೋಪಿನಲ್ಲಿ ಕ್ಷಾರ ಇದೆ, ಅಂಗಳ ತೊಳೆಯಲು ಇಟ್ಟುಕೊಳ್ಳಿ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಆಯುಧಪೂಜೆಯ ಮರುದಿನ ಬಾನೆಟ್ ಮೇಲಿನ ಅರಿಸಿನಕ್ಕೆ ಬಟ್ಟೆಸೋಪು ಉಜ್ಜಿದವರು ಈ ಕೆಂಪನ್ನು ನೋಡಿಯೇ ಇರುತ್ತಾರೆ.

ಅರಿಸಿನ ಕ್ಷಾರವನ್ನಷ್ಟೇ ತೋರಿಸುತ್ತದೆ, ಆಮ್ಲವನ್ನೂ ಅಲ್ಲ, ಗಟ್ಟಿ ಮಾಡಲು ಹಾಕಿದ ಉಪ್ಪನ್ನೂ ಅಲ್ಲ. ಉಪ್ಪಿಗೆ ಇನ್ನೊಂದು ನೋಟ: ಅದೇ ಸೋಪುನೀರಿನ ಹನಿಯನ್ನು ಕಪ್ಪು ಟೈಲ್ ಅಥವಾ ಗಾಜಿನ ಮೇಲೆ ಒಣಗಲು ಬಿಡಿ. ಬಿಳಿ ಪುಡಿ ದಪ್ಪಗೆ ಕಟ್ಟಿದರೆ ಉಪ್ಪೇ ಹೆಚ್ಚು. ನಿಮ್ಮ ಕಾರು ಕಪ್ಪಾಗಿದ್ದರೆ ಇದು ಗೊತ್ತಿರಬೇಕು.

ಮಳೆನೀರಿಗೆ ಸೋಪು ಕಡಿಮೆ ಸಾಕು

ಹೆಂಚು, ಶೀಟಿನ ಮಾಡಿನಿಂದ ಡ್ರಮ್‌ಗೆ ಬಿದ್ದ ಮಳೆನೀರು ಮೆದು ನೀರು. ಅದರಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಹಾಗಾಗಿ ಸೋಪು ಬೇಗ ನೊರೆ ಕಟ್ಟುತ್ತದೆ. ಬಾಟಲಿ ಹೇಳಿದ್ದರ ಅರ್ಧದಿಂದ ಶುರು ಮಾಡಿ, ಬಟ್ಟೆ ಜಾರುತ್ತಿದ್ದರೆ ಅಷ್ಟೇ ಸಾಕು. ಹೆಚ್ಚು ಹಾಕಿದರೆ ನೊರೆ ಬಿಡಿಸಲು ಇನ್ನೆರಡು ಬಕೆಟ್ ನೀರು. ಬೋರ್‌ವೆಲ್ ನೀರಿನಲ್ಲಿ ಲೆಕ್ಕ ಬೇರೆ. ಗೀಸರ್, ಕೆಟಲ್ ಒಳಗೆ ಬಿಳಿ ಪದರ ಕಟ್ಟುವ ನೀರು ನಿಮ್ಮದಾದರೆ ಪೂರ್ತಿ ಪ್ರಮಾಣವೇ ಬೇಕು. ತೊಳೆದ ಕೂಡಲೇ ಒರೆಸಲೂ ಬೇಕು, ಇಲ್ಲದಿದ್ದರೆ ಬಣ್ಣದ ಮೇಲೆ ಸುಣ್ಣದ ಬೊಟ್ಟು ಉಳಿಯುತ್ತದೆ. ಡ್ರಮ್‌ನ ತಳದ ಗಸಿಯನ್ನು ಮಾತ್ರ ಎತ್ತಿಕೊಳ್ಳಬೇಡಿ.

ತೊಳೆಯುವ ಕ್ರಮ

ಘಾಟಿ ಹತ್ತಿ ಬಂದ ಗಾಡಿಯ ಬಾನೆಟ್, ಬ್ರೇಕ್ ತಣಿಯಲಿ. ನೆರಳಲ್ಲಿ ನಿಲ್ಲಿಸಿ.

ಬರೀ ನೀರು ಹೊಯ್ದು ಹತ್ತು ನಿಮಿಷ ಬಿಡಿ, ಮತ್ತೊಮ್ಮೆ ಹೊಯ್ಯಿರಿ. ಕೈ ಹಾಕದೆ ಎಷ್ಟು ಕೆಸರು ಇಳಿಯುತ್ತದೋ ಅಷ್ಟೂ ಇಳಿಯಲಿ. ಜೋರು ಮಳೆ ಬರುತ್ತಿದ್ದರೆ ಗಾಡಿಯನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿ, ಈ ಕೆಲಸ ಬಿಟ್ಟಿ ಆಗುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೆ ಪೈಪ್ ಹಿಡಿದು ಮಣ್ಣಿನ ಹೆಂಟೆ ಉದುರಿಸಿ. ತುಕ್ಕು ಹಿಡಿಯುವುದು ಅಲ್ಲಿಂದಲೇ, ಒದ್ದೆ ಮಣ್ಣು ವಾರಗಟ್ಟಲೆ ಲೋಹಕ್ಕೆ ಅಂಟಿಕೊಂಡು ಕೂರುವುದರಿಂದ. ಅಲ್ಲಿಗೆ ಸೋಪು ದಂಡ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆ ಅದ್ದಿ ಮೇಲಿನಿಂದ ಕೆಳಕ್ಕೆ: ಟಾಪ್, ಗಾಜು, ಬಾನೆಟ್, ಬಾಗಿಲು. ಒಂದೊಂದು ಭಾಗ ಆದಮೇಲೆ ಬಟ್ಟೆಯನ್ನು ಬರೀ ನೀರಲ್ಲಿ ಹಿಂಡಿಯೇ ಮತ್ತೆ ಸೋಪಿಗೆ ಅದ್ದಬೇಕು. ಬಕೆಟ್‌ನ ತಳದಲ್ಲಿ ಕೂರುವ ಕೆಂಪು ಗಸಿ ನೋಡಿದರೆ ಎರಡನೇ ಬಕೆಟ್ ಯಾಕೆಂದು ಹೇಳಬೇಕಿಲ್ಲ. ಚಕ್ರಕ್ಕೆ ಬೇರೆ ಬಟ್ಟೆ. ಸೋಪು ಒಣಗುವ ಮೊದಲೇ ನೀರು ಹೊಯ್ದು ಒರೆಸಿ. ಉಳಿದ ಸೋಪುನೀರು ಸ್ಕೂಟರ್‌ಗೆ, ಅದೂ ಮುಗಿದರೆ ಕಾಲೊರಸಿಗೆ.

ಸೋಪಿಗೆ ಬಗ್ಗದ ಕಲೆಗಳು

ಕಾಫಿಗೂ ಮೆಣಸಿಗೂ ಶಿಲೀಂಧ್ರ ರೋಗದ ಮದ್ದಾದ ಬೋರ್ಡೋ ಹೊಡೆಯುವ ಕಾಲದಲ್ಲಿ ತೋಟದೊಳಗೆ ನಿಂತ ಗಾಡಿಯ ಮೇಲೆ ನೀಲಿಮಿಶ್ರಿತ ಬಿಳಿ ಚುಕ್ಕೆ ಬಿದ್ದಿರುತ್ತದೆ. ಮೈಲುತುತ್ತ ಮತ್ತು ಸುಣ್ಣ ಅದು. ಒಣಗಿದ ಮೇಲೆ ಎಂಥ ದುಬಾರಿ ಶಾಂಪೂ ಹಾಕಿದರೂ ಹೋಗುವುದಿಲ್ಲ, ಉಗುರಲ್ಲಿ ಕೆರೆದರೆ ಬಣ್ಣ ಹಾಳು. ಬಿದ್ದ ದಿನವೇ ನೀರು ಹೊಯ್ದರೆ ಸುಲಭ. ಒಣಗಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಒಂದು ನಿಮಿಷ ಇಡಿ. ಸುಣ್ಣ ಕರಗಿ ಬಿಡುತ್ತದೆ. ಕೂಡಲೇ ಧಾರಾಳ ನೀರು ಹೊಯ್ಯಿರಿ, ಬಿಸಿಲಲ್ಲಿ ಮಾಡಬೇಡಿ.

ಹಕ್ಕಿ ಹಿಕ್ಕೆಗೆ ಒದ್ದೆ ಬಟ್ಟೆ ಹೊದಿಸಿ ಮೆತ್ತಗಾದ ಮೇಲೆ ಎತ್ತಿ. ಗಾಜಿನ ರಬ್ಬರ್ ಅಂಚಿಗೆ ಮಳೆಗಾಲದಲ್ಲಿ ಹಿಡಿಯುವ ಹಸಿರು ಪಾಚಿಗೆ ಹಳೆಯ ಟೂತ್‌ಬ್ರಷ್, ಅದೇ ಸೋಪುನೀರು. ಡಾಂಬರಿಗೆ ಸೀಮೆಎಣ್ಣೆ ಹಾಕುವ ಅಭ್ಯಾಸ ಉಂಟು. ಹಾಕಲೇಬೇಕಾದರೆ ಬಟ್ಟೆಯ ತುದಿಯಲ್ಲಿ ಚುಕ್ಕೆಗಷ್ಟೇ ಮುಟ್ಟಿಸಿ ಸೋಪಿನಲ್ಲಿ ತೊಳೆದುಬಿಡಿ. ಇಡೀ ಗಾಡಿಗೆ ಡೀಸೆಲ್ ಬಟ್ಟೆ ಹಾಕಿ ಹೊಳಪು ತರಿಸುವುದೆಂದರೆ ಧೂಳಿಗೆ ಅಂಟು ಬಳಿದಂತೆ, ರಬ್ಬರೂ ಉಬ್ಬುತ್ತದೆ.

ಎಲ್ಲಿ ತೊಳೆಯಬೇಕು, ಎಷ್ಟು ಕೊಳ್ಳಬೇಕು

ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ, ಸಿಮೆಂಟಿನದ್ದು, ನೀರು ಹರಿದು ಹೋಗುತ್ತದೆ ಎಂದು ಬಹಳ ಮನೆಗಳಲ್ಲಿ ಕಾರು ತೊಳೆಯುವುದು ಅಲ್ಲೇ. ಮಳೆಗಾಲದಲ್ಲಿ ಪರವಾಗಿಲ್ಲ. ನವೆಂಬರ್ ಹೊತ್ತಿಗೆ ನಿಲ್ಲಿಸಿ, ಕಣವನ್ನು ಚೆನ್ನಾಗಿ ತೊಳೆದುಬಿಡಿ. ಸೋಪಿನ, ಡೀಸೆಲಿನ ವಾಸನೆಯನ್ನು ಕಾಫಿ ಬೇಗ ಹೀರುತ್ತದೆ. ತೆರೆದ ಬಾವಿಯ ಮೇಲಿನ ಇಳಿಜಾರಿನಲ್ಲಿ ತೊಳೆಯಬಾರದು. ತೋಡಿನಲ್ಲಿ, ಹೊಳೆಯಲ್ಲಿ ಗಾಡಿ ಇಳಿಸುವುದು ಬೇಡವೇ ಬೇಡ. ಸೋಪಿನ ಅಂಶ ಮೀನಿನ ಕಿವಿರಿಗೆ ಹಾನಿ, ಹೊಳೆಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆ ನಿಷೇಧಿಸುತ್ತದೆ. ಹುಲ್ಲು ಬೆಳೆದ ನೆಲಕ್ಕೋ, ಬಾಳೆಯ ಬುಡದಿಂದ ದೂರದ ಇಂಗುಗುಂಡಿಗೋ ನೀರು ಹೋಗಲಿ.

ವಾರಕ್ಕೊಮ್ಮೆ ತೊಳೆಯುವ ಒಂದು ಕಾರಿನ ಮನೆಗೆ 1:500ರ ಒಂದು ಲೀಟರ್ ಬಾಟಲಿ ಹೆಚ್ಚುಕಡಿಮೆ ವರ್ಷಕ್ಕೆ ಸಾಕು. ಜೀಪು, ಪಿಕಪ್ ಎಂದು ಮೂರ್ನಾಲ್ಕು ಗಾಡಿ ಇರುವ ತೋಟದ ಮನೆಯವರು ಅದೇ ಬಗೆಯ ಸೋಪಿನ ಐದು ಲೀಟರ್ ಕ್ಯಾನ್ ಸಿಕ್ಕರೆ ಕೊಳ್ಳಬಹುದು, ತಯಾರಿಕೆಯ ತಿಂಗಳು ನೋಡಿಕೊಂಡು. ಕ್ಯಾನ್‌ನಲ್ಲಿರುವುದನ್ನು ಮೊದಲೇ ನೀರು ಬೆರೆಸಿ ತುಂಬಿಡಬೇಡಿ. ಕೆಡದಂತೆ ಹಾಕಿರುವ ಮದ್ದು ತೆಳುವಾಗಿ, ಬೇಗ ನಾರುತ್ತದೆ. ಅಂದಂದಿಗೆ ಬೇಕಾದಷ್ಟನ್ನು ಅಂದೇ ಬೆರೆಸಿ.