ಬಿಕಾಂ ಸಿಲೆಬಸ್ಸು ದಾಲ್ ಮಿಲ್‌ನಾಗ ಕುಂತು ಬರ್ದದ್ದು: ನನ್ನ ಅನುಭವ

ನಾನು ಕಲಬುರಗಿಯಾಗ ಬಿಕಾಂ ಹುಡುಗ್ರಿಗೆ ಕಲಿಸೋ ಮಾಸ್ತರ. ಬಿಓಎಸ್ (ಸಿಲೆಬಸ್ ಠರಾಯಿಸೋ ಕಮಿಟಿ) ಮೀಟಿಂಗ್‌ನಾಗ 'ಈ ಪೇಪರಿಗೆ ಟೆಕ್ಸ್ಟ್‌ಬುಕ್ ಇಲ್ರಿ, ತೊಗರಿ ಮಿಲ್ಲಿನ ರಜಿಸ್ಟರೇ ಬುಕ್ಕು' ಅಂದಾಗ ಒಬ್ರು ಸೀನಿಯರ್ ಮೇಡಂ 'ನ್ಯಾಕ್‌ನೋರು (ಕಾಲೇಜಿಗೆ ಗ್ರೇಡ್ ಕೊಡೋರು) ಬಂದ್ರ ಏನ್ ತೋರಿಸ್ತೀರಿ ಸರ್' ಅಂದಿದ್ರು. ಈಗ ಮೂರನೇ ಬ್ಯಾಚ್ ಮುಗಿದದ, ಅದೇ ಮೇಡಂ ತಮ್ಮ ಪೇಪರಿಗೂ ಹಿಂಗೇ ಮಾಡಿಕೊಡ್ರಿ ಅಂತ ಕೇಳ್ಯಾರ.

ಮೊದಲ ವರ್ಷ ನಾನೂ ದಾರಿ ತಪ್ಪಿದ್ದೆ. ಫ್ಯೂಚರ್ ಸ್ಕಿಲ್ಸ್ ಅಂತ ಎಐ, ಬ್ಲಾಕ್‌ಚೈನ್, ಬಿಗ್ ಡೇಟಾ ಎಲ್ಲಾ ತುಂಬಿದೆ, ಬೆಂಗಳೂರಿಂದ ಇಬ್ರನ್ನ ಗೆಸ್ಟ್ ಲೆಕ್ಚರಿಗೆ ಕರೆಸಿ ಟಿಕೆಟ್ಟು ರೂಮು ಸೇರಿ ಹತ್ತತ್ರ 22 ಸಾವಿರ ಹೋಯ್ತು, ಅದರಾಗ 6 ಸಾವಿರ ನನ್ನ ಕಿಸೆದಾಗಿಂದು. ಹುಡುಗ್ರು ಡೆಫಿನಿಷನ್ ಬಾಯಿಪಾಠ ಮಾಡಿ ಚಲೋ ಮಾರ್ಕ್ಸ್ ತಗೊಂಡ್ರು. ಆದ್ರ ಒಂದು ಕ್ವಿಂಟಲ್ ತೊಗರಿಗೆ 70 ಕೆಜಿ ಬ್ಯಾಳಿ ಬಂದ್ರ ಉಳಿದ 30 ಏನಾಯ್ತು ಅಂದ್ರ ಒಬ್ರೂ ಬಾಯಿ ಬಿಡಲಿಲ್ಲ, ಅರ್ಧ ಮಂದಿ ಮನ್ಯಾಗ ತೊಗರಿ ಬೆಳೀತಾರ! 2019ರಾಗೇ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ನಮ್ಮ ಸಿಲೆಬಸ್ಸಿನಾಗ ಆ ಶಬ್ದನೇ ಇರಲಿಲ್ಲ.

ಆ ಬ್ಯಾಸಗಿ ಪೂರ್ತಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ತಿರುಗಿದೆ. ಒಂಬತ್ತು ಮಿಲ್ಲಿನಾಗ ಎರಡೇ ಒಪ್ಪಿದ್ವು, ಉಳಿದೋರಿಗೆ ಲೆಕ್ಕ ಹೊರಗ ಹೋಗ್ತದ ಅನ್ನೋ ಅಂಜಿಕಿ. ರಜಿಸ್ಟರ್ ಕೈಗೆ ಕೊಡೋ ಹಂಗ ಹ್ಯಾಂಗ ಒಪ್ಪಿಸಿದೆ ಅನ್ನೋದು ಮಾತ್ರ ಇಲ್ಲಿ ಬರಿಯಂಗಿಲ್ಲ, ಕಲಬುರಗಿಗೆ ಬರ್ರಿ, ಚಾ ಕುಡೀತ ಹೇಳ್ತೀನಿ.

ಮೊದಲು ಹೆಣ್ಮಕ್ಕಳು ಕುಂತು ಆರಿಸ್ತಿದ್ದ ಬ್ಯಾಳಿ ಈಗ ಕಲರ್ ಸಾರ್ಟರ್ ಅನ್ನೋ ಮಷಿನ್ ಬಣ್ಣ ನೋಡಿ ಆರಿಸ್ತದ. ಹಂಗಾರ ಮನುಷ್ಯಾಗ ಉಳಿದ ಕೆಲಸ ಏನು? ರಿಜೆಕ್ಟ್ ಬುಟ್ಟಿಯಿಂದ ಒಂದು ಮುಷ್ಟಿ ತೆಗೆದು ಬಿಳಿ ಹಾಳಿ ಮ್ಯಾಲೆ ಹರಡಿ ಎಣಿಸಿದ್ವಿ, ನೂರಕ್ಕ ಹದಿನೈದು ಕಾಳು ಚಲೋ ಬ್ಯಾಳಿನೇ. ತಿಂಗಳಿಗೆ ಇದರಿಂದ ಎಷ್ಟು ಲುಕ್ಸಾನು, ಮಷಿನ್ ಸೆಟ್ಟಿಂಗ್ ಬದಲಿಸಿದ್ರ ಕಲ್ಲು ಎಷ್ಟು ಒಳಗ ಬರ್ತದ, ಇದೇ ನನ್ನ ಮೊದಲನೇ ಯುನಿಟ್. ಮೊದಲು ಹೇಳಿದ ಒಂದು ಕ್ವಿಂಟಲ್ ತೊಗರಿ ಲೆಕ್ಕ ಎಐಗೆ ಕೊಟ್ರ ಅದು 30 ಕೆಜಿ ಪೂರ್ತಿ ವೇಸ್ಟ್ ಅಂತು, ಹೊಟ್ಟು, ಚುನ್ನಿ (ಬ್ಯಾಳಿ ನುಚ್ಚು-ಪುಡಿ) ದನದ ಮೇವಿಗೆ ಮಾರ್ತಾರಲ್ಲ ಅಂತ ಹುಡುಗ್ರೇ ಹಿಡಿದ್ರು. ಅವತ್ತು ನನಗ ಆದ ಖುಷಿ ಅಷ್ಟಿಷ್ಟಲ್ಲ.

ಇಂಟರ್ನಲ್ಸ್‌ನಾಗ 10 ಮಾರ್ಕ್ಸ್ ಮಿಲ್ ಮಾಲೀಕರ ಕೈಗೆ ಕೊಟ್ಟಿದ್ದೆ, ಎಲ್ರಿಗೂ ಹತ್ತಕ್ಕ ಹತ್ತು ಹಾಕಿಬಿಟ್ರು. ಮುಂದಿನ ವರ್ಷ ಒಂದೇ ಪ್ರಶ್ನೆ ಕೇಳಿದೆ: ಈ ಹುಡುಗನ ಲೆಕ್ಕ ನಂಬಿ ನಿಮ್ಮ ರೊಕ್ಕ ಹಾಕ್ತೀರೇನ್ರಿ? ಆಮ್ಯಾಲೆ ಮಾರ್ಕ್ಸ್ ಮೂರರಿಂದ ಒಂಬತ್ತರ ತನಕ ಬಂದ್ವು.

ನಡುವ ಒಮ್ಮೆ ಬಿದ್ರಿ ಕಲೆಯ ಹೂದಾನಿಗೆ ಕಾಸ್ಟ್ ಶೀಟ್ (ಖರ್ಚಿನ ಪಟ್ಟಿ) ಹಾಕ್ಸೋಣ ಅಂತ ಬೀದರಿಗೂ ಕರ್ಕೊಂಡು ಹೋಗಿದ್ದೆ. ಸತು, ತಾಮ್ರ, ಬೆಳ್ಳಿ ತಂತಿ ಎಲ್ಲಾ ಲೆಕ್ಕ ಸಿಕ್ತು, ಕಪ್ಪು ಬಣ್ಣ ಬರ್ಲಿಕ್ಕೆ ಹಚ್ಚೋ ಕೋಟೆ ಮಣ್ಣಿಗೆ ಏನ್ ರೇಟ್ ಹಾಕೋದು ಸರ್ ಅಂತ ಒಬ್ಬಾಕಿ ಕೇಳಿದ್ಳು, ವಾಪಸ್ ಬರೋ ತನಕ ಬಸ್ಸಿನಾಗ ಅದೇ ವಾದ. ಆ ಪ್ರಶ್ನೆ ಸೀದಾ ಪೇಪರಿಗೆ ಹಾಕಿದೆ.

2021ರಾಗ ಎನ್‌ಇಪಿ (ನಾಕು ವರ್ಷದ ಡಿಗ್ರಿ ತಂದ ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಾಗ ಮತ್ತ ಮೂರು ವರ್ಷದ ಡಿಗ್ರಿನೇ ಆಯ್ತು, ಸ್ಕೀಮ್ ಬದಲಾದ್ರೂ ನನ್ನ ಪೇಪರ್ ಉಳೀತು. ಹೋದ ಬ್ಯಾಚ್‌ನಾಗ 38 ಮಂದಿ, ಸುಮಾರು 11 ಮಂದಿಗೆ ರಿಸಲ್ಟ್ ಬರೋಕಿಂತ ಮೊದಲೇ ಕೆಲಸ. ಮುಂದಿನ ಸೆಮ್‌ಗೆ ಶಹಾಬಾದ್ ಕಲ್ಲಿನ ಕ್ವಾರಿ ಹಿಡ್ದೀನಿ, ಎರಡು ಯುನಿಟ್ ಬರ್ದಾಗ್ಯದ.